60 ಸಲ ಬಣ್ಣ ಕಂಡ ತುದಿ: ಒಬ್ಬ ಟೀಚರ್ ಕೂದಲಿನ ಪ್ರಕರಣ

ಮಾರ್ಚ್ ತಿಂಗಳ ಒಂದು ಸಂಜೆ ಕಟಪಾಡಿ ಕಡೆಯ ಒಬ್ಬ ಹೈಸ್ಕೂಲ್ ಟೀಚರ್ ಉಡುಪಿಯ ನನ್ನ ಪುಟ್ಟ ಪಾರ್ಲರಿಗೆ ಬಂದರು. ಅಂಥ ಸೆಖೆಯಲ್ಲೂ ತಲೆಗೆ ಶಾಲು ಸುತ್ತಿಕೊಂಡಿದ್ದರು. "ಬಾಗಿಲು ಹಾಕು ಮಾರಾಯ್ತಿ, ಮತ್ತೆ ತೋರಿಸ್ತೇನೆ" ಎಂದರು. ಶಾಲು ತೆಗೆದಾಗ ನನಗೆ ಮಾತೇ ಬರಲಿಲ್ಲ. ನೆತ್ತಿಯಲ್ಲಿ ಬೆರಳುದ್ದದ ತುಂಡು ಕೂದಲು ನೆಟ್ಟಗೆ ನಿಂತಿತ್ತು. ಕೆಳಗೆ ಕಿತ್ತಳೆ ಪಟ್ಟೆಗಳು, ಪಟ್ಟೆಗಳ ನಡುವೆ ಇದ್ದಿಲಿನಂಥ ಕಪ್ಪು, ಬುಡದಲ್ಲಿ ಬಿಳಿ. ಮುಟ್ಟಿದರೆ ತೆಂಗಿನ ನಾರು ಮುಟ್ಟಿದ ಹಾಗೆ ಇತ್ತು.

"ಇದರ ಮೇಲೆ ಒಂದು ಕಪ್ಪು ಹಾಕಿಬಿಡು. ನಾಳಿದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ಡ್ಯೂಟಿ ಉಂಟು. ಹೀಗೆ ಹೋಗುದು ಹೇಗೆ?"

ಆ ದಿನ ನಾನು ಬಣ್ಣ ಹಾಕಲಿಲ್ಲ. ಹಾಕಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಯಾಕೆ ಎಂದು ಮುಂದೆ ಹೇಳುತ್ತೇನೆ. ಈ ಕೆಲಸದಲ್ಲಿ ನನಗೆ 17 ವರ್ಷ ಆಯ್ತು. ಇದೇ ಕಥೆ ಸಣ್ಣ ರೂಪದಲ್ಲಿ ವಾರಕ್ಕೆ ಒಂದಾದರೂ ನನ್ನ ಕುರ್ಚಿಯಲ್ಲಿ ಬಂದು ಕೂರುತ್ತದೆ. ಅದಕ್ಕೇ ಇದನ್ನು ಪೂರ್ತಿ ಬರೆದಿಡಬೇಕು ಅನಿಸಿತು. ಟೀಚರ್ ಒಪ್ಪಿದ್ದಾರೆ. ಹೆಸರು ಬೇಡ ಎಂದರು, ಅಷ್ಟೇ.

ನಾನು ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಇಡುತ್ತೇನೆ. ಬಣ್ಣದ ಟ್ಯೂಬ್ ಒಡೆಯುವ ಮುಂಚೆ ಕೂದಲಿನ ಹಳೆಯ ಕಥೆ ಅದರಲ್ಲಿ ಬರಬೇಕು. ಟೀಚರ ಕಾರ್ಡ್ ತುಂಬಲು ಆವತ್ತು ಒಂದು ಗಂಟೆ ಹಿಡಿಯಿತು. ವಯಸ್ಸು 44. ಬಿಳಿ ಶುರುವಾದದ್ದು 33ಕ್ಕೆ. ಅಲ್ಲಿಂದ ಈಚೆಗೆ ಅಂಗಡಿಯಲ್ಲಿ ಸಿಗುವ ಕಪ್ಪು ಪುಡಿಯ ಪ್ಯಾಕೆಟ್, ನೀರಲ್ಲಿ ಕಲಸಿ ಹಚ್ಚುವಂಥದ್ದು. ಮೂರು ವಾರಕ್ಕೊಮ್ಮೆ, ತಪ್ಪದೆ. "ಎಲ್ಲಿಗೆಲ್ಲ ಹಚ್ಚುತ್ತೀರಿ ಟೀಚರೇ?" ಎಂದು ಕೇಳಿದೆ. "ಎಲ್ಲ ಕಡೆಗೆ. ಬುಡದಿಂದ ತುದಿವರೆಗೆ. ಉಳಿದದ್ದನ್ನು ಎಸೆಯುದು ಯಾಕೆ ಅಂತ ಜಡೆಗೇ ಒರೆಸಿ ಬಿಡುದು." ಎರಡು ತಿಂಗಳಿಗೊಮ್ಮೆ ಅವರ ಅತ್ತೆ ತಲೆ ತಂಪಾಗಲಿ ಎಂದು ಮದರಂಗಿ ಹಚ್ಚುತ್ತಾರೆ. ಚಹಾ ಡಿಕಾಕ್ಷನ್ನಿನಲ್ಲಿ ಕಲಸಿ, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಇಟ್ಟ ಮದರಂಗಿ. ಫೆಬ್ರವರಿಯಲ್ಲಿ ತಮ್ಮನ ಮಗಳ ಮದುವೆ ಬಂತು. ಎಲ್ಲರೂ ಮಾಡಿಸುತ್ತಾರೆ ಎಂದು ಒಂದು ಕಡೆ ಹೋಗಿ ಹೈಲೈಟ್, ಅಂದರೆ ಅಲ್ಲಲ್ಲಿ ಪಟ್ಟೆಯಾಗಿ ಕೂದಲಿನ ಬಣ್ಣ ತಿಳಿ ಮಾಡುವುದು, ಮಾಡಿಸಿಕೊಂಡರು. ಕಪ್ಪು ಬಿಡಲಿಲ್ಲ ಎಂದು ಅದೇ ದಿನ ಎರಡನೇ ಸಲ ಬ್ಲೀಚ್ ಹಾಕಿದರಂತೆ. "ಫಾಯಿಲ್ ಒಳಗೆ ಬಿಸಿ ಆಗ್ತಾ ಇತ್ತು. ಹೇಳಿದೆ. ಅದು ಹಾಗೇ ಅಂದ್ರು."

ಈ ಕೊನೆಯ ಮಾತನ್ನು ನಾನು ಕಾರ್ಡಿನಲ್ಲಿ ಎರಡು ಗೆರೆ ಎಳೆದು ಬರೆದೆ.

ಮದುವೆ ದಿನ ತುರುಬಿಗೆ ಒಂದು ಅಟ್ಟೆ ಶಂಕರಪುರ ಮಲ್ಲಿಗೆ ಮುಡಿದಿದ್ದರು. ರಾತ್ರಿ ಹೂ ತೆಗೆಯುವಾಗ ಪಿನ್ನಿನ ಜೊತೆ ಕೂದಲಿನ ಗೊಂಚಲೇ ಕೈಗೆ ಬಂತು. ಗಾಬರಿಯಾಗಿ ಮರುವಾರವೇ ಮತ್ತೆ ಕಪ್ಪು ಪುಡಿ ಹಚ್ಚಿದರು. ಬ್ಲೀಚ್ ಆದ ಪಟ್ಟೆಯಲ್ಲಿ ಬಣ್ಣ ನಿಲ್ಲಲಿಲ್ಲ. ನಾಲ್ಕು ಸ್ನಾನಕ್ಕೆ ಕಿತ್ತಳೆ ಮತ್ತೆ ಎದ್ದು ಬಂತು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ "ಬ್ಲೀಚಿಂದ ಹಾಳಾಯ್ತು" ಎನ್ನುತ್ತಾರೆ. ಅದು ಅರ್ಧ ಸತ್ಯ. ನಾನು ಟೀಚರ ಜೊತೆ ಕೂತು ಒಂದು ಸಣ್ಣ ಲೆಕ್ಕ ಮಾಡಿದೆ, ಗಣಿತದ ಟೀಚರ್ ಆದ್ದರಿಂದ ಅವರಿಗೆ ಕೂಡಲೇ ಹಿಡಿಸಿತು. ಕೂದಲು ತಿಂಗಳಿಗೆ 1 ಸೆಂಟಿಮೀಟರ್ ಅಥವಾ ಅದಕ್ಕಿಂತ ಚೂರು ಹೆಚ್ಚು ಬೆಳೆಯುತ್ತದೆ. ಅವರ ಕೂದಲಿನ ಉದ್ದ 45 ಸೆಂಟಿಮೀಟರ್. ಅಂದರೆ ತುದಿಯ ಕೂದಲು ತಲೆಯಿಂದ ಹೊರಗೆ ಬಂದು ಸುಮಾರು ಮೂರೂವರೆ ವರ್ಷ ಆಗಿದೆ. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17 ಸಲ. ಮೂರೂವರೆ ವರ್ಷಕ್ಕೆ ಹತ್ತಿರ ಹತ್ತಿರ 60 ಸಲ. ಬುಡದಲ್ಲಿ ಕಾಣುವ ಆ ಬಿಳಿಗೆ ಬೇಕಾದದ್ದು ಒಂದೇ ಸಲದ ಬಣ್ಣ. ಅದಕ್ಕಾಗಿ ತುದಿ 60 ಸಲ ಬಣ್ಣ ಕುಡಿದಿತ್ತು. ಬ್ಲೀಚ್ ಬಂದು ಬಿದ್ದದ್ದು ಇಂಥ ಕೂದಲಿನ ಮೇಲೆ.

ಟೀಚರ್ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತರು. "ಯಾರೂ ಹೇಳ್ಲೇ ಇಲ್ವಲ್ಲ" ಎಂದರು. ನನಗೆ ನಿಜವಾಗಿ ಬೇಜಾರಾಯ್ತು. ಹೌದು, ಯಾರೂ ಹೇಳುವುದಿಲ್ಲ.

ಪ್ರತಿ ಸಲ ಬಣ್ಣ ಹಾಕುವಾಗ ಆಗುವುದು ಇಷ್ಟು. ಕೂದಲಿನ ಹೊರಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಪದರ ಇರುತ್ತದೆ. ಮಳೆಗಾಲಕ್ಕೆ ನಮ್ಮ ಮಾಡು ಹೇಗೋ ಕೂದಲಿಗೆ ಅದು ಹಾಗೆ. ಖಾಯಂ ಬಣ್ಣ ಒಳಗೆ ಹೋಗಬೇಕಾದರೆ ಆ ಹೆಂಚು ಏಳಬೇಕು. ಅಮೋನಿಯಾದಂಥ ಕ್ಷಾರ ಅದನ್ನು ಎಬ್ಬಿಸುತ್ತದೆ, ಪೆರಾಕ್ಸೈಡ್ ಒಳಗೆ ಹೋಗಿ ಕೂದಲಿನ ಸ್ವಂತ ಬಣ್ಣವನ್ನು ತಿಳಿ ಮಾಡುತ್ತದೆ, ಹೊಸ ಬಣ್ಣವನ್ನು ಅಲ್ಲೇ ಕಟ್ಟುತ್ತದೆ. ಎಬ್ಬಿಸಿದ ಹೆಂಚು ಮೊದಲಿನ ಹಾಗೆ ಕೂರುವುದಿಲ್ಲ. ಅದರ ಮೇಲಿದ್ದ ತೆಳ್ಳಗಿನ ಎಣ್ಣೆಯ ಪಸೆಯೂ ಹೋಗುತ್ತದೆ. ಪಸೆ ಹೋದ ಕೂದಲು ನೀರು ಕುಡಿಯುತ್ತದೆ, ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಗಾಳಿಯಲ್ಲಿ ತೇವ ಇರುವ ನಮ್ಮ ಕರಾವಳಿಯಲ್ಲಿ ಅದು ದಿನವಿಡೀ ಕೆದರಿ ನಿಂತಿರುತ್ತದೆ. ಬ್ಲೀಚ್ ಇನ್ನೂ ಒಳಗೆ ಹೋಗಿ, ಕೂದಲಿನ ಗಟ್ಟಿತನ ಹಿಡಿದಿಟ್ಟ ಗಂಧಕದ ಕೊಂಡಿಗಳನ್ನೇ ಒಡೆಯುತ್ತದೆ.

ಇಲ್ಲಿ ಒಂದು ಮಾತು. "ಅಮೋನಿಯಾ ಇಲ್ಲ" ಎಂದು ಡಬ್ಬಿಯಲ್ಲಿ ಬರೆದಿದ್ದರೆ ಅದು ಮೆದು ಎಂದು ತುಂಬಾ ಜನ ನಂಬುತ್ತಾರೆ. ವಾಸನೆ ಕಡಿಮೆ, ಅದು ನಿಜ. ಆದರೆ ಅಂಥ ಖಾಯಂ ಬಣ್ಣಗಳಲ್ಲಿ ಹೆಚ್ಚಾಗಿ ಎಥನಾಲಮೈನ್ ಎಂಬ ಬೇರೆ ಕ್ಷಾರ ಇರುತ್ತದೆ. ಪೆರಾಕ್ಸೈಡ್ ಇದ್ದೇ ಇರುತ್ತದೆ. ಮೆದುವೋ ಗಡಸೋ ಎಂದು ತಿಳಿಯಲು ಡೆವಲಪರ್, ಅಂದರೆ ಬಣ್ಣಕ್ಕೆ ಬೆರೆಸುವ ಪೆರಾಕ್ಸೈಡ್ ದ್ರಾವಣ, ಎಷ್ಟು ವಾಲ್ಯೂಮ್ ಎಂದು ಕೇಳಿ. 10 ವಾಲ್ಯೂಮ್ ಅಂದರೆ 3 ಶೇಕಡಾ ಪೆರಾಕ್ಸೈಡ್, 20 ಅಂದರೆ 6, 30 ಅಂದರೆ 9, 40 ಅಂದರೆ 12. ಬಿಳಿ ಮುಚ್ಚಲು ಸಾಮಾನ್ಯವಾಗಿ 20 ಸಾಕು. ಕುರ್ಚಿಯಲ್ಲಿ ಕೂತವರಿಗೆ ಇದನ್ನು ಕೇಳುವ ಹಕ್ಕು ಇದೆ, ಸಂಕೋಚ ಬೇಡ.

ಟೀಚರ ವಿಷಯಕ್ಕೆ ಬರುತ್ತೇನೆ. ಎರಡು ಪರೀಕ್ಷೆ ಮಾಡಿದೆ. ಮೊದಲನೆಯದು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಒದ್ದೆ ಕೂದಲಿನ ಒಂದು ಎಳೆ ಹಿಡಿದು ಮೆಲ್ಲಗೆ ಎಳೆಯುವುದು. ಒಳ್ಳೆ ಕೂದಲು ಸ್ವಲ್ಪ ಹಿಗ್ಗಿ ವಾಪಸ್ ಬರುತ್ತದೆ. ಅವರ ಪಟ್ಟೆ ಕೂದಲು ಚೂಯಿಂಗ್ ಗಮ್ ಹಾಗೆ ಉದ್ದಕ್ಕೆ ಹೋಯಿತು, ವಾಪಸ್ ಬರಲಿಲ್ಲ, ತುಂಡಾಯಿತು. ಕಪ್ಪು ಭಾಗದ ಎಳೆ ಅದಕ್ಕಿಂತ ಸ್ವಲ್ಪ ಗಟ್ಟಿ ಇತ್ತು.

ಎರಡನೆಯದು ಫಾಯಿಲ್ ಬಿಸಿಯಾದ ವಿಷಯಕ್ಕೆ. ಬಾಚಣಿಗೆಯಲ್ಲಿ ಬಂದ ಅವರ ಕೂದಲನ್ನು ಗಾಜಿನ ಬಟ್ಟಲಲ್ಲಿ 20 ವಾಲ್ಯೂಮ್ ಪೆರಾಕ್ಸೈಡಿಗೆ ಕೆಲವು ಹನಿ ಅಮೋನಿಯಾ ಸೇರಿಸಿ ಅರ್ಧ ಗಂಟೆ ಮುಳುಗಿಸಿಟ್ಟೆ. ಪಕ್ಕದ ಬಟ್ಟಲಲ್ಲಿ ಬಣ್ಣವೇ ಕಾಣದ ನಮ್ಮ ಹುಡುಗಿಯ ಕೂದಲು. ಟೀಚರ ಬಟ್ಟಲಲ್ಲಿ ಗುಳ್ಳೆ ಜಾಸ್ತಿ ಬಂತು, ಬಟ್ಟಲಿನ ತಳ ಬೆಚ್ಚಗಾಯಿತು. ನಮ್ಮ ಹುಡುಗಿಯ ಕೂದಲು ಸುಮ್ಮನೆ ಇತ್ತು. ಕೂದಲಲ್ಲಿ ಲೋಹ ಕೂತಿದ್ದರೆ ಹೀಗಾಗುತ್ತದೆ. ಕಬ್ಬಿಣ, ತಾಮ್ರ ಇದ್ದ ಕಡೆ ಪೆರಾಕ್ಸೈಡ್ ಬೇಕಾಬಿಟ್ಟಿ ಒಡೆದು ಕೂದಲನ್ನು ತಿನ್ನುತ್ತದೆ. ಕೆಲವು ಮದರಂಗಿ ಪುಡಿಗಳಿಗೆ ಲೋಹದ ಲವಣ ಬೆರೆಸಿರುತ್ತಾರೆ, ಅಂಥದ್ದರ ಮೇಲೆ ಬ್ಲೀಚ್ ಬಿದ್ದರೆ ಹೊಗೆಯೇ ಏಳಬಹುದು. ಇವರ ಮನೆಯ ಪುಡಿ ಬರೀ ಎಲೆಯದ್ದೇ. ಹಾಗಾದರೆ ಲೋಹ ಎಲ್ಲಿಂದ?

"ನಿಮ್ಮ ಬಚ್ಚಲಿನ ಬಕೆಟ್ ಯಾವ ಬಣ್ಣ?" ಎಂದು ಕೇಳಿದೆ. "ಮೊದ್ಲು ಬಿಳಿ ಇತ್ತು, ಈಗ ಕೆಂಪು. ಬೋರಿನ ನೀರಲ್ವಾ." ಅಂಗಳದಲ್ಲಿ ಬಾವಿ ಇದೆ, ಬೇಸಗೆಯಲ್ಲಿ ನೀರು ಕೆಳಗೆ ಹೋಗುತ್ತದೆ ಎಂದು ಸ್ನಾನಕ್ಕೆ ಬೋರ್ ಜೋಡಿಸಿದ್ದಾರೆ. ನಮ್ಮ ಕಡೆ ಎಷ್ಟೋ ಬೋರುಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ, ಬಿಳಿ ಬಟ್ಟೆ ಹಳದಿಯಾಗುವುದು ಅದರಿಂದಲೇ. ಅದರ ಜೊತೆ ಕಬ್ಬಿಣದ ಬಾಣಲೆಯ ಮದರಂಗಿ. ಚಹಾದ ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಹಿಂದಿನವರ ಶಾಯಿಯೂ ಅದೇ. ಅತ್ತೆ ಮಾಡಿದ್ದು ತಪ್ಪಲ್ಲ. ಅವರ ಕಾಲದಲ್ಲಿ ಆ ತಲೆಯ ಮೇಲೆ ಪೆರಾಕ್ಸೈಡ್ ಬೀಳುತ್ತಿರಲಿಲ್ಲ. ಎರಡನ್ನೂ ಒಂದೇ ತಲೆಗೆ ಹಾಕಿದ್ದು ತೊಂದರೆಯಾಯಿತು.

ಹೊರಡುವಾಗ ಟೀಚರ್ ಕಿವಿಯ ಹಿಂದೆ ಕೆರೆದುಕೊಂಡರು. ಆ ಒಂದು ಸಣ್ಣ ಕೈಚಲನೆ ನೋಡದೆ ಇದ್ದಿದ್ದರೆ ನಾನು ದೊಡ್ಡ ತಪ್ಪು ಮಾಡುತ್ತಿದ್ದೆ.

"ತುರಿಸ್ತದಾ?"

"ಬಣ್ಣ ಹಾಕಿದ ಮರುದಿನ, ಅದರ ಮರುದಿನ ಸ್ವಲ್ಪ ತುರಿಸ್ತದೆ. ಹಣೆ ಅಂಚಲ್ಲಿ, ಕಿವಿ ಹಿಂದೆ. ಅದು ಎಲ್ರಿಗೂ ಆಗ್ತದೆ ಅಲ್ವಾ?"

ಆಗುವುದಿಲ್ಲ. ಆಗಬಾರದು. ಕೂತ್ಕೊಳ್ಳಿ ಎಂದು ಮತ್ತೆ ಕೂರಿಸಿದೆ. ಮೊದಲು ಈ ತುರಿಕೆ ಇರಲಿಲ್ಲ, ಎರಡು ವರ್ಷದಿಂದ ಶುರು, ಕಳೆದ ಸಲ ಕಣ್ಣಿನ ರೆಪ್ಪೆ ಬೆಳಿಗ್ಗೆ ಸ್ವಲ್ಪ ಊದಿತ್ತು, ನಿದ್ದೆ ಇಲ್ಲದೆ ಅಂದುಕೊಂಡಿದ್ದರು. ಇನ್ನೂ ಹಿಂದಕ್ಕೆ ಹೋದೆ. ಕೈಗೆ ಯಾವಾಗಾದರೂ ಕಪ್ಪು ಮದರಂಗಿ ಹಾಕಿಸಿಕೊಂಡದ್ದು ಉಂಟಾ? ಇತ್ತು. ಅವರದೇ ಮದರಂಗಿ ಶಾಸ್ತ್ರದ ದಿನ, ಒಂದು ಗಂಟೆಯಲ್ಲೇ ಕಡುಕಪ್ಪಾಗುವ ಕೋನ್. ವಾರದ ಮೇಲೆ ಆ ಗೆರೆಗಳ ಉದ್ದಕ್ಕೂ ಗುಳ್ಳೆ ಎದ್ದಿತ್ತು.

ಬರೀ ಮದರಂಗಿ ಎಲೆ ಯಾವತ್ತೂ ಕಪ್ಪು ಬಣ್ಣ ಕೊಡುವುದಿಲ್ಲ. ಕೇಸರಿ, ಕೆಂಪು ಕಂದು, ಅಷ್ಟೇ. ಒಂದು ಗಂಟೆಯಲ್ಲಿ ಕಪ್ಪಾಗುವ ಕೋನಿನಲ್ಲಿ ಸಾಮಾನ್ಯವಾಗಿ ಪಿಪಿಡಿ ಇರುತ್ತದೆ, ಅಂದರೆ ಪ್ಯಾರಾ ಫಿನೈಲೀನ್ ಡೈಅಮೀನ್. ಕಪ್ಪು ಹೇರ್ ಡೈಗಳಲ್ಲಿ ಬಣ್ಣ ಬರುವುದು ಹೆಚ್ಚಾಗಿ ಇದರಿಂದಲೇ. ಯುರೋಪಿನಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಇದು 2 ಶೇಕಡಾ ಮೀರಬಾರದು ಎಂದು ಮಿತಿ ಇದೆ, ಚರ್ಮಕ್ಕೆ ನೇರ ಹಚ್ಚಲು ಬಿಡುವುದೇ ಇಲ್ಲ. ಒಮ್ಮೆ ದೇಹ ಇದನ್ನು ವೈರಿ ಎಂದು ಗುರುತು ಹಿಡಿದರೆ ಮತ್ತೆ ಮರೆಯುವುದಿಲ್ಲ. ಪ್ರತಿ ಸಲ ತುರಿಕೆ ಹೆಚ್ಚುತ್ತಾ ಹೋಗಿ ಒಂದು ದಿನ ಮುಖ ಪೂರ್ತಿ ಊದಿ ಕಣ್ಣು ಮುಚ್ಚಿಹೋಗಬಹುದು. ಆವತ್ತು ಅವರು ಕೇಳಿದ ಕಪ್ಪು ಹಾಕಿ ಕಳಿಸಿದ್ದರೆ, ಪರೀಕ್ಷೆ ಡ್ಯೂಟಿಯ ಬದಲು ಅವರು ಆಸ್ಪತ್ರೆಯಲ್ಲಿ ಇರುತ್ತಿದ್ದರೋ ಏನೋ.

ಡೈ ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ ಇರುತ್ತದೆ. ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಗೆ ಹಚ್ಚಿ 24 ಗಂಟೆ ಕಾಯಿರಿ, ಪ್ರತಿ ಸಲವೂ ಹೀಗೆ ಮಾಡಿ, ಹುಬ್ಬಿಗೆ ರೆಪ್ಪೆಗೆ ಹಚ್ಚಲೇಬೇಡಿ ಎಂದು. ದಯವಿಟ್ಟು ಓದಿ. ಈ ಅಲರ್ಜಿ ನಿಧಾನಕ್ಕೆ ಏಳುವಂಥದ್ದು, ಆದ್ದರಿಂದ ನಾನು 48 ಗಂಟೆ ಕಾಯುತ್ತೇನೆ. ಆದರೆ ಟೀಚರ ಹಾಗೆ ಮೊದಲೇ ತುರಿಕೆ, ಊತ ಕಂಡವರು ಮನೆಯಲ್ಲಾಗಲಿ ಪಾರ್ಲರಿನಲ್ಲಾಗಲಿ ಈ ಪರೀಕ್ಷೆಯನ್ನೂ ಮಾಡಬಾರದು. ಅದು ಚರ್ಮದ ಡಾಕ್ಟರ ಕೆಲಸ.

ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ. ಪರೀಕ್ಷೆ ಡ್ಯೂಟಿ ಮುಗಿಸಿ ಏಪ್ರಿಲಿನಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿಕೊಂಡರು. ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ ಎರಡು ದಿನ ಬಿಡುತ್ತಾರೆ, ತೆಗೆದು ನೋಡುತ್ತಾರೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಬೆನ್ನು ಒದ್ದೆ ಮಾಡುವ ಹಾಗಿಲ್ಲ, ಬೆವರುವ ಹಾಗಿಲ್ಲ. ಉಡುಪಿಯ ಏಪ್ರಿಲಿನಲ್ಲಿ! ಫ್ಯಾನಿನ ಅಡಿಯಲ್ಲಿ ಪುಸ್ತಕ ಹಿಡಿದು ಕೂತು ಅದನ್ನೂ ಮುಗಿಸಿದರು. ಪಿಪಿಡಿಗೆ ಗಟ್ಟಿ ಪ್ರತಿಕ್ರಿಯೆ ಬಂತು. ಇನ್ನು ಈ ಜನ್ಮದಲ್ಲಿ ಅದು ಬೇಡ ಎಂದು ಡಾಕ್ಟರ್ ಬರೆದುಕೊಟ್ಟರು. ಅದರ ಹತ್ತಿರದ ಸಂಬಂಧಿ ರಾಸಾಯನಿಕಗಳಿಗೂ ಇಂಥವರಿಗೆ ಅಲರ್ಜಿ ಬರುವ ಸಾಧ್ಯತೆ ಇರುವುದರಿಂದ "ಪಿಪಿಡಿ ಇಲ್ಲ" ಎಂದು ಬರೆದ ಖಾಯಂ ಬಣ್ಣಗಳನ್ನೂ ನಾವು ಪಕ್ಕಕ್ಕಿಟ್ಟೆವು.

ಆ ಒಂದೂವರೆ ತಿಂಗಳು ಬಿಳಿ ಬುಡ ಇಟ್ಟುಕೊಂಡು ಶಾಲೆಗೆ ಹೋಗುವುದು ಅವರಿಗೆ ತುಂಬಾ ಕಷ್ಟವಾಯಿತು. ಇದನ್ನು ಹಗುರವಾಗಿ ನೋಡಬೇಡಿ. ಗಂಡಸರ ತಲೆ ಬೆಳ್ಳಗಾದರೆ ಯಾರೂ ಕೇಳುವುದಿಲ್ಲ. ಹೆಂಗಸರಿಗೆ ಪ್ರತಿ ಪೂಜೆ, ಪ್ರತಿ ಮದುವೆ ಊಟದಲ್ಲಿ "ಎಂತ, ತಲೆ ಬಿಟ್ಟೇ ಬಿಟ್ಟಿಯಾ?" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ತೊಳೆದರೆ ಹೋಗುವ ರೂಟ್ ಪೌಡರ್ ಕೊಟ್ಟೆ, ಕಬ್ಬಿಣದ ಆಕ್ಸೈಡಿನ ಬಣ್ಣ, ಕೂದಲಿನ ಮೇಲೆ ಕೂರುತ್ತದೆ, ಒಳಗೆ ಹೋಗುವುದಿಲ್ಲ. ಬೈತಲೆ ಮಾತ್ರ ಮುಚ್ಚುವಷ್ಟು. ಬೆವರಿಗೆ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಬೈತಲೆಯನ್ನು ಒಂದು ಬದಿಗೆ ತೆಗೆದು ಹಿಂದಕ್ಕೆ ಸಡಿಲ ಕಟ್ಟಲು ಹೇಳಿದೆ.

ಈ ಸಮಯದಲ್ಲೇ ಹಾಳಾದ ಕೂದಲಿನ ಆರೈಕೆ ಶುರು ಮಾಡಿದ್ದು. ಮೊದಲು ಕತ್ತರಿ. 10 ಸೆಂಟಿಮೀಟರ್ ತೆಗೆದೆ. ಅವರು ಅತ್ತರು, ನಾನು ನಿಲ್ಲಿಸಿ ಕಾದೆ, ಮತ್ತೆ ಅವರೇ "ತೆಗಿ" ಎಂದರು. ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಉಗುರಿನ ಹಾಗೆ. ಒಡೆದ ತುದಿಯನ್ನು ಯಾವ ಎಣ್ಣೆಯೂ ಯಾವ ಸ್ಪಾ ಕ್ರೀಮೂ ಕೂಡಿಸುವುದಿಲ್ಲ. "ರಿಪೇರ್" ಎಂದು ಬಾಟಲಿಯಲ್ಲಿ ಬರೆದಿರುವುದು ಮುಂದಿನ ಸ್ನಾನದವರೆಗಿನ ನಯಕ್ಕೆ. ಆದರೆ ಇನ್ನಷ್ಟು ಹಾಳಾಗದ ಹಾಗೆ ಕಾಯಬಹುದು, ಅದು ದೊಡ್ಡ ಕೆಲಸವೇ.

ಕೆರಟಿನ್ ಟ್ರೀಟ್‌ಮೆಂಟ್ ಮಾಡಿಸಿದರೆ ಕೂದಲು ನೇರ ಆಗುತ್ತದಂತಲ್ಲ ಎಂದು ಕೇಳಿದರು. ಬೇಡ ಎಂದೆ. ಆ ದ್ರಾವಣಗಳಲ್ಲಿ ಎಷ್ಟೋ ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್ ತರುವ ವಸ್ತು ಎಂದು 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಮೇಲಿಂದ 200 ಡಿಗ್ರಿ ದಾಟಿದ ಇಸ್ತ್ರಿ. ಎಳೆದರೆ ತುಂಡಾಗುವ ಕೂದಲಿಗೆ ಅದನ್ನು ಮಾಡುವ ಧೈರ್ಯ ನನಗಿಲ್ಲ.

ಮನೆಯಲ್ಲಿ ಮಾಡಲು ಹೇಳಿದ್ದು ತೀರಾ ಸರಳ. ತಲೆಸ್ನಾನ ವಾರಕ್ಕೆ ಎರಡು ಸಲ. ಹಿಂದಿನ ರಾತ್ರಿ ಉದ್ದದ ಭಾಗಕ್ಕೆ ತೆಂಗಿನೆಣ್ಣೆ, ಸ್ವಲ್ಪವೇ, ಅಂಗೈಯಲ್ಲಿ ಉಜ್ಜಿ ಸವರುವಷ್ಟು. ನಮ್ಮ ಅಜ್ಜಿಯಂದಿರು ಮಾಡಿದ್ದೇ, ಆದರೆ ಇದಕ್ಕೆ ಆಧಾರವೂ ಇದೆ. 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಇಬ್ಬರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿ ನೋಡಿದ್ದರು. ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಬ್ಲೀಚ್ ಆದ ಕೂದಲಲ್ಲೂ. ಅದರಲ್ಲಿರುವ ಲಾರಿಕ್ ಆಮ್ಲ ಸಣ್ಣದು, ಕೂದಲಿನ ಒಳಗೆ ಇಳಿಯುತ್ತದೆ. ಸ್ನಾನಕ್ಕೆ ಮುಂಚೆ ಹಚ್ಚಿದರೆ ಕೂದಲು ನೀರು ಕುಡಿದು ಉಬ್ಬುವುದು ಕಡಿಮೆ.

ಮೈ ಸಾಬೂನು ತಲೆಗೆ ಹಾಕುತ್ತಿದ್ದರು, ಅದನ್ನು ಬಿಡಿಸಿದೆ. ಅದು ಕ್ಷಾರ, ಎದ್ದ ಹೆಂಚನ್ನು ಇನ್ನೂ ಎಬ್ಬಿಸುತ್ತದೆ. ಮೆದು ಶಾಂಪೂ ಬುಡಕ್ಕೆ, ಕಂಡೀಷನರ್ ಉದ್ದಕ್ಕೆ, ಪ್ರತಿ ಸಲ. ಅತ್ತೆಗೆ ಕಂಡೀಷನರ್ ಒಪ್ಪಿಗೆ ಇರಲಿಲ್ಲ. ಅವರ ದಾಸವಾಳ ಎಲೆಯ ಗೊಂಪು ವಾರಕ್ಕೊಮ್ಮೆ ಇರಲಿ ಎಂದೆ. ಅದರ ಲೋಳೆ ಕೂದಲು ಜಾರುವ ಹಾಗೆ ಮಾಡುತ್ತದೆ, ಸಿಕ್ಕು ಬಿಡಿಸುವಾಗ ತುಂಡಾಗುವುದು ತಪ್ಪುತ್ತದೆ. ಬಟ್ಟೆಯಲ್ಲಿ ಚೆನ್ನಾಗಿ ಸೋಸಬೇಕು, ಎಲೆಯ ಚೂರು ಉಳಿದರೆ ಅದನ್ನು ತೆಗೆಯುವಾಗಲೇ ಕೂದಲು ಹೋಗುತ್ತದೆ. ಬೋರಿನ ನೀರಿಗೆ ಪರಿಹಾರವಾಗಿ ಪಾರ್ಲರಿನಲ್ಲಿ ಲೋಹ ಹಿಡಿದು ತೆಗೆಯುವ ಕೀಲೇಟಿಂಗ್ ಶಾಂಪೂ ತಿಂಗಳಿಗೊಮ್ಮೆ, ಮನೆಯಲ್ಲಿ ಕೊನೆಯ ಎರಡು ಬಕೆಟ್ ಬಾವಿ ನೀರು. ಒರೆಸಲು ದಪ್ಪ ಟರ್ಕಿ ಟವೆಲ್ ಬೇಡ, ತೆಳು ಬೈರಾಸಿನಲ್ಲಿ ಒತ್ತಿ ನೀರು ತೆಗೆದರೆ ಸಾಕು. ಉಜ್ಜಬಾರದು, ಕೊಡಹಬಾರದು. ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಶುರು ಮಾಡಿ ಮೇಲಕ್ಕೆ.

ಬಣ್ಣದ ಪ್ರಶ್ನೆ ಉಳಿಯಿತು. ಪಿಪಿಡಿ ಇಲ್ಲ, ಪೆರಾಕ್ಸೈಡ್ ಇಲ್ಲ, ಆದರೂ ಬಿಳಿ ಮುಚ್ಚಬೇಕು. ಉಳಿದದ್ದು ಎರಡು ಎಲೆ, ಮದರಂಗಿ ಮತ್ತು ನೀಲಿ. ಅಂಗಡಿಯಲ್ಲಿ ಇಂಡಿಗೋ ಪುಡಿ ಎಂದು ಸಿಗುತ್ತದೆ. ಇದರಲ್ಲೂ ಮೋಸ ಇದೆ. "ಬ್ಲ್ಯಾಕ್ ಹೆನ್ನಾ", "ಹರ್ಬಲ್ ಕಪ್ಪು" ಎಂದು ಬರೆದ ಪ್ಯಾಕೆಟ್ ತಿರುಗಿಸಿದರೆ ಹಿಂದೆ ಪಿಪಿಡಿ ಇರುತ್ತದೆ. ನಾವು ತಂದದ್ದರಲ್ಲಿ ಬರೀ ಎಲೆಯ ಹೆಸರು ಇತ್ತು. ಆದರೂ ಡಾಕ್ಟರನ್ನು ಕೇಳಿ, ಎರಡು ಪುಡಿಯನ್ನೂ ಬೇರೆ ಬೇರೆ ಕಲಸಿ ಮೊಣಕೈ ಒಳಗೆ ಹಚ್ಚಿ 48 ಗಂಟೆ ನೋಡಿದೆವು. ಈಗಲೂ ಹೊಸ ಪ್ಯಾಕೆಟ್ ಒಡೆದಾಗಲೆಲ್ಲ ಹೀಗೇ ಮಾಡುತ್ತೇವೆ. ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ, ಹಸುಗೂಸುಗಳಿಗೆ ಮದರಂಗಿಯೂ ಅಪಾಯ, ರಕ್ತದ ಕಣ ಒಡೆಯುತ್ತದೆ. ಎಲೆ ಎಂದ ಕೂಡಲೇ ಎಲ್ಲರಿಗೂ ಸರಿ ಎಂದಲ್ಲ.

ಮೇ ತಿಂಗಳಲ್ಲಿ ಮೊದಲ ಸಲ ಹಾಕಿದ್ದು. ಮದರಂಗಿಯನ್ನು ಉಗುರು ಬೆಚ್ಚಗಿನ ನೀರು, ಸ್ವಲ್ಪ ಲಿಂಬೆ ರಸದಲ್ಲಿ ಸ್ಟೀಲ್ ಪಾತ್ರೆಯಲ್ಲಿ ಕಲಸಿ ನಾಲ್ಕು ಗಂಟೆ ಬಿಟ್ಟೆ. ಬಾಣಲೆ ಬೇಡ ಎಂದು ಅತ್ತೆಗೆ ಫೋನಿನಲ್ಲೇ ಹೇಳಿದ್ದೆ. ಎರಡು ಗಂಟೆ ತಲೆಯಲ್ಲಿಟ್ಟು ತೊಳೆದ ಮೇಲೆ ನೀಲಿ ಪುಡಿ. ಇದನ್ನು ಮುಂಚೆ ಕಲಸಿಡಬಾರದು. ಬೆಚ್ಚಗಿನ ನೀರು, ಚಿಟಿಕೆ ಉಪ್ಪು, ಹತ್ತು ಹದಿನೈದು ನಿಮಿಷಕ್ಕೆ ಮೇಲೆ ನೀಲಿ ಪೊರೆ ಕಾಣುತ್ತದೆ, ಆಗ ಬೇಗ ಬೇಗ ಹಚ್ಚಿ ಮುಗಿಸಬೇಕು. ಗದ್ದೆಯ ಹಸಿ ಹುಲ್ಲಿನ ವಾಸನೆ ಬರುತ್ತದೆ. ಒಂದು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆದೆ. ಎರಡು ದಿನ ಶಾಂಪೂ ಇಲ್ಲ, ಗಾಳಿ ತಾಗಿ ಬಣ್ಣ ನಿಧಾನಕ್ಕೆ ಗಾಢ ಆಗಬೇಕು.

ಮರುದಿನ ಬೆಳಿಗ್ಗೆ ಫೋಟೋ ಬಂತು. ಬುಡ ಚಂದದ ಕಡುಕಂದು. ಆದರೆ ಬ್ಲೀಚ್ ಆದ ಎರಡು ಪಟ್ಟೆ ಪಾಚಿಯ ಹಾಗೆ ಹಸಿರು! ತಪ್ಪು ನನ್ನದು. ಆ ಪಟ್ಟೆ ಪೆಡಸಾಗಿದೆ ಎಂದು ಹೆದರಿ ಅಲ್ಲಿ ಮದರಂಗಿ ತೆಳುವಾಗಿ ಹಚ್ಚಿ, ಬೇಗ ತೊಳೆದಿದ್ದೆ. ಕೆಳಗೆ ಕೆಂಪು ಸಾಲದೆ ನೀಲಿ ಬಂದು ಕೂತರೆ ಹಳದಿ ಕೂದಲಲ್ಲಿ ಹಸಿರೇ ಕಾಣುವುದು. ನಾಲ್ಕನೇ ದಿನ ಕರೆಸಿ ಆ ಪಟ್ಟೆಗೆ ಮಾತ್ರ ಮತ್ತೆ ದಪ್ಪಗೆ ಮದರಂಗಿ ಹಾಕಿದೆ, ಎರಡು ಗಂಟೆ ಪೂರ್ತಿ. ಹಸಿರು ಕಂದಿಗೆ ತಿರುಗಿತು. ಅಂದಿನಿಂದ ಹೊಸ ತಲೆ ಯಾವುದೇ ಇರಲಿ, ಬಾಚಣಿಗೆಯ ಕೂದಲಲ್ಲಿ ಒಮ್ಮೆ ಹಾಕಿ ನೋಡದೆ ಮುಂದೆ ಹೋಗುವುದಿಲ್ಲ.

ಉದ್ದಕ್ಕೆ ಬಣ್ಣ ಹಾಕಿದ್ದು ಆ ಒಂದೇ ಸಲ. ಆಮೇಲೆ ಬುಡಕ್ಕೆ ಮಾತ್ರ, ಐದು ವಾರಕ್ಕೊಮ್ಮೆ. ಉದ್ದದ ಭಾಗಕ್ಕೆ ಕಂಡೀಷನರ್ ಸವರಿ ಪ್ಲಾಸ್ಟಿಕ್ ಸುತ್ತಿ ಇಡುತ್ತೇನೆ, ಕಲಸಿದ್ದು ಅಲ್ಲಿ ತಾಗಬಾರದು. ಎಲೆಯ ಬಣ್ಣವೂ ಮೇಲಿಂದ ಮೇಲೆ ಕೂತರೆ ಕೂದಲು ಒರಟಾಗುತ್ತದೆ. ಉಳಿದ ಕಲಸು ಜಡೆಗೆ ಒರೆಸುವ ಅಭ್ಯಾಸ ಬಿಡಿಸಲು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ಹಾಳು ಮಾಡ್ಲಿಕ್ಕೆ ಮನಸ್ಸು ಬರುದಿಲ್ಲ" ಎನ್ನುತ್ತಾರೆ. ಅಳತೆ ಕಡಿಮೆ ಮಾಡಿದೆ, ಬುಡಕ್ಕೆ 40 ಗ್ರಾಂ ಸಾಕು. ಈಗ ಏನೂ ಉಳಿಯುವುದಿಲ್ಲ.

ಕಪ್ಪು ಬೇಕೇ ಬೇಕು ಎನ್ನುವ ಹಟವೂ ಬಿಟ್ಟರು. ಕಡುಕಂದಿಗೆ ಬಿಳಿ ಬುಡ ಬೆಳೆದಾಗ ಗೆರೆ ಅಷ್ಟು ಎದ್ದು ಕಾಣುವುದಿಲ್ಲ. ಮೂರು ವಾರದ ಅವಸರ ಐದು ವಾರಕ್ಕೆ ಹೋದದ್ದು ಅದರಿಂದ. ಈ ದಾರಿಯಲ್ಲಿ ಹೋದವರು ವಾಪಸ್ ಬ್ಲೀಚಿಗೆ ಹೋಗಬಾರದು ಎಂಬುದನ್ನು ಬರೆದುಕೊಟ್ಟಿದ್ದೇನೆ. ನೀಲಿ ಕೂತ ಕೂದಲಿಗೆ ಬ್ಲೀಚ್ ಬಿದ್ದರೆ ಹಸಿರು ಬಂದು ನಿಲ್ಲುತ್ತದೆ, ತೆಗೆಯುವುದು ಬಹಳ ಕಷ್ಟ.

ಜೂನಿನಲ್ಲಿ ಮಳೆ ಬಂತು, ಶಾಲೆಯೂ ಶುರುವಾಯಿತು. ಬೆಳಿಗ್ಗೆ ಒದ್ದೆ ತಲೆ ಕಟ್ಟಿ ಬಸ್ಸು ಹತ್ತಿದರೆ ಸಂಜೆವರೆಗೂ ಒಣಗುವುದಿಲ್ಲ, ವಾಸನೆ, ಹೊಟ್ಟು, ಕಟ್ಟಿದ ಜಾಗದಲ್ಲೇ ತುಂಡಾಗುವುದು. ತಲೆಸ್ನಾನವನ್ನು ಸಂಜೆಗೆ ಬದಲಿಸಿದೆವು. ಬೈರಾಸಿನಲ್ಲಿ ಒತ್ತಿ, ಡ್ರೈಯರನ್ನು ಕಡಿಮೆ ಬಿಸಿಯಲ್ಲಿ ಒಂದು ಗೇಣು ದೂರ ಹಿಡಿದು ಬುಡ ಮಾತ್ರ ಒಣಗಿಸುವುದು, ಉಳಿದದ್ದು ಫ್ಯಾನಿಗೆ. ಬಾವಿ ತುಂಬಿದ್ದರಿಂದ ಬೋರ್ ಬಂದ್ ಆಯಿತು, ಒಂದೇ ತಿಂಗಳಲ್ಲಿ ಕೂದಲಿನ ನಯ ಬೇರೆಯೇ ಅನಿಸಿತು ನನ್ನ ಕೈಗೆ.

ಎರಡು ತಿಂಗಳಿಗೊಮ್ಮೆ 2 ಸೆಂಟಿಮೀಟರ್ ಕತ್ತರಿಸುತ್ತಾ ಬಂದಿದ್ದೇವೆ. ನೆತ್ತಿಯ ತುಂಡು ಕೂದಲು ಈಗ ಕಿವಿ ಮುಟ್ಟುತ್ತದೆ, ಪಿನ್ನಿಲ್ಲದೆ ಕೂರುತ್ತದೆ. ಕಿವಿಯ ಹಿಂದಿನ ಕಪ್ಪು ಕಲೆ ಮಾಸಿದೆ, ತುರಿಕೆ ಮೇ ನಂತರ ಒಮ್ಮೆಯೂ ಬಂದಿಲ್ಲ. ಜನವರಿಯಲ್ಲಿ ಅಳತೆ ತೆಗೆದೆ. ಪೆರಾಕ್ಸೈಡ್ ಕಾಣದೆ ಬೆಳೆದ ಕೂದಲು ಬುಡದಿಂದ 11 ಸೆಂಟಿಮೀಟರ್. ಒದ್ದೆ ಮಾಡಿ ಎಳೆದು ನೋಡಿದೆ, ಹಿಗ್ಗಿ ವಾಪಸ್ ಬಂತು. ಟೀಚರ್ ಕನ್ನಡಿಯಲ್ಲೇ ನೋಡುತ್ತಿದ್ದರು, "ಇನ್ನೊಂದ್ಸಲ ಎಳಿ" ಎಂದರು. ಎಳೆದೆ. ಮತ್ತೆ ವಾಪಸ್ ಬಂತು.

ಅದರ ಕೆಳಗೆ ಹಳೆಯ ಕೂದಲು ಇನ್ನೂ ಒಂದು ಗೇಣಿಗಿಂತ ಸ್ವಲ್ಪ ಉದ್ದ ಉಳಿದಿದೆ. ಶಾಲೆಗೆ ರಜೆ ಸಿಕ್ಕಿದ ಮೇಲೆ ಏಪ್ರಿಲಿನಲ್ಲಿ ಅರ್ಧ ತೆಗೆಯೋಣ ಎಂದು ಕಾರ್ಡಿನಲ್ಲಿ ಬರೆದಿದ್ದೇನೆ. ಮೊನ್ನೆ ಅವರ ತಂಗಿಯೂ ಬಂದರು, ಅದೇ ಪುಡಿ, ಅದೇ ಕಿವಿ ಹಿಂದಿನ ತುರಿಕೆ. ಅವರ ಕಾರ್ಡ್ ಬರೆದು, ಡಾಕ್ಟರ ವಿಳಾಸ ಕೊಟ್ಟು ಕಳಿಸಿದ್ದೇನೆ. ಬಣ್ಣ ಹಾಕಿಲ್ಲ.